ನಕ್ಷೆಯಲ್ಲಿ ಹಸಿರಾಗಿದ್ದ ಊರು

ತುಮಕೂರಿನ ಶಿರಾ ಗೇಟ್ ಹತ್ತಿರ, ಟೈರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ, ಒಂದು ಮೊಬೈಲ್ ಕಂಪನಿಯ ಆಫೀಸಿತ್ತು. ಡಿಗ್ರಿ ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಅಲ್ಲಿಯದೇ. ಬೆಳಿಗ್ಗೆ ಗುಬ್ಬಿಯಲ್ಲಿ ಪ್ಯಾಸೆಂಜರ್ ರೈಲು ಹತ್ತಿ ತುಮಕೂರಿಗೆ ಬಂದು, ಸ್ಟೇಷನ್ನಿನಿಂದ ಶೇರ್ ಆಟೋ ಹಿಡಿದು ಹೋಗುತ್ತಿದ್ದೆ. ಬರುವ ಕರೆಗೂ ದುಡ್ಡು ಕೊಡುವುದು ತಪ್ಪಿ, ಇನ್‌ಕಮಿಂಗ್ ಫ್ರೀ ಆಗಿ ಒಂದೆರಡು ವರ್ಷವಾಗಿದ್ದ ಕಾಲ. ಅದಕ್ಕೆ ಮುಂಚೆ ಮೊಬೈಲ್ ಅಂದರೆ ಕಾಂಟ್ರಾಕ್ಟರುಗಳೂ ಡಾಕ್ಟರುಗಳೂ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುವ ವಸ್ತು. ಫ್ರೀ ಆದ ಮೇಲೆ ಹಳ್ಳಿಯವರೂ ಕೊಂಡರು. ಕೊಂಡವರಿಗೆ ಸಿಗ್ನಲ್ ಸಿಗದಿದ್ದರೆ ಅವರ ದೂರು ಬರುತ್ತಿದ್ದದ್ದು ನನ್ನ ಮೇಜಿಗೆ.

ಮೇಜಿನ ಹಿಂದಿನ ಗೋಡೆಗೆ ಜಿಲ್ಲೆಯ ದೊಡ್ಡ ನಕ್ಷೆ ಅಂಟಿಸಿದ್ದರು. ಹಸಿರು ಬಳಿದ ಕಡೆ ಸಿಗ್ನಲ್ ಇದೆ, ಬಿಳಿ ಬಿಟ್ಟ ಕಡೆ ಇಲ್ಲ. ದೂರು ಬಂದಾಗ ನಾನು ಮಾಡಬೇಕಾದದ್ದು ಇಷ್ಟು: ಊರಿನ ಹೆಸರು ಕೇಳುವುದು, ತಿರುಗಿ ನಕ್ಷೆ ನೋಡುವುದು. ಊರು ಬಿಳಿಯಲ್ಲಿದ್ದರೆ ‘ಮುಂದಿನ ಹಂತದಲ್ಲಿ ಪರಿಗಣಿಸಲಾಗುವುದು’. ಹಸಿರಲ್ಲಿದ್ದರೆ ‘ಊರು ವ್ಯಾಪ್ತಿ ಪ್ರದೇಶದೊಳಗಿದೆ. ಹ್ಯಾಂಡ್‌ಸೆಟ್ ದೋಷ. ದೂರು ಮುಕ್ತಾಯಗೊಂಡಿದೆ’. ಇದನ್ನು ಕಾರ್ಡಿನಲ್ಲಿ ಬರೆದು, ಸೀಲು ಹೊಡೆದು, ಅಂಚೆಗೆ ಹಾಕುತ್ತಿದ್ದೆ. ನನ್ನ ಅಕ್ಷರ ದುಂಡಗಿದೆ, ಮ್ಯಾನೇಜರ್ ಅದನ್ನು ಮೆಚ್ಚಿಕೊಂಡಿದ್ದರು. ಎಷ್ಟು ಜನಕ್ಕೆ ಹಾಗೆ ಬರೆದೆನೋ ನೆನಪಿಲ್ಲ. ಬರೆಯುವಾಗ ನನಗೆ ಏನೂ ಅನ್ನಿಸುತ್ತಿರಲಿಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಒಂದು ದಿನ ಮಧ್ಯಾಹ್ನ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ವೈರ್ ಬ್ಯಾಗು. ಅದರಿಂದ ಮೂರು ಕಾರ್ಡು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟರು. ಮೂರರಲ್ಲೂ ನನ್ನ ದುಂಡನೆಯ ಅಕ್ಷರ.

“ಇದನ್ನ ಬರ್ದೋರು ಯಾರಮ್ಮ?”

“ನಾನೇ,” ಅಂದೆ.

“ನಮ್ಮೂರು ನೋಡಿದೀಯಾ?”

“ಇಲ್ಲ.”

“ನನ್ನ ಸೆಟ್ಟು ನೋಡಿದೀಯಾ?”

“ಇಲ್ಲ.”

“ಮತ್ತೆ ದೋಷ ಯಾರ ಕಣ್ಣಿಗೆ ಕಾಣ್ತು?”

ಕೂತ್ಕೊಳ್ಳಿ ಅಂದೆ. ಕೂರಲಿಲ್ಲ. ನಿಂತುಕೊಂಡೇ ಹೇಳಿದರು. ಅವರ ಊರು ಅಮೃತೂರಿನಿಂದ ಇನ್ನೂ ಒಳಗೆ. ಅಲ್ಲಿನ ಹೆಂಗಸರ ಹಾಲಿನ ಡೈರಿಗೆ ಅವರು ಸೆಕ್ರೆಟರಿ. ಹಾಲಿನ ವ್ಯಾನು ಕೆಟ್ಟು ನಿಂತರೆ, ಯಾರದಾದರೂ ಹಸುವಿಗೆ ಹುಷಾರು ತಪ್ಪಿದರೆ ಫೋನು ಬೇಕೆಂದು ಡೈರಿಯವರೆಲ್ಲ ಸೇರಿ ಅದನ್ನು ಕೊಂಡಿದ್ದರು. ಕಂಪನಿಯ ಏಜೆಂಟೇ ಊರಿಗೆ ಬಂದು, ನಕ್ಷೆ ತೋರಿಸಿ, ನಿಮ್ಮೂರಲ್ಲಿ ಫುಲ್ ಟವರ್ ಸಿಗುತ್ತೆ ಅಂತ ಸಿಮ್ ಮಾರಿ ಹೋಗಿದ್ದ.

“ಹೋದ ತಿಂಗ್ಳು ನಮ್ಮ ಪಕ್ಕದ ಮನೆಯೋಳ ಸೀಮೆಹಸೀಗೆ ಹೊಟ್ಟೆ ಉಬ್ಬರ ಬಂತು. ಫೋನ್ ಇರ್ಲಿಲ್ಲ ಅಂದಿದ್ರೆ ಯಾರಾದ್ರೂ ಆಗ್ಲೇ ಸೈಕಲ್ ಹತ್ತಿ ಅಮೃತೂರಿಗೆ ಓಡ್ತಿದ್ರು, ದನದ ಡಾಕ್ಟ್ರನ್ನ ಕರ್ಕೊಂಡ್ ಬರ್ತಿದ್ರು. ಫೋನ್ ಐತಲ್ಲ ಅಂತ ಅದನ್ನ ನಂಬ್ಕೊಂಡು ಹಿತ್ಲಲ್ಲಿ ನಿಂತ್ಕೊಂಡೆ, ಮಾಳಿಗೆ ಮೇಲೆ ನಿಂತ್ಕೊಂಡೆ, ಕೆರೆ ಏರಿಗೆ ಓಡ್ದೆ. ಏರಿ ಮೇಲೆ ಸಿಗ್ನಲ್ದು ಒಂದು ಕಡ್ಡಿ ಬಂತು. ಡಾಕ್ಟ್ರು ಸಿಕ್ಕುದ್ರು, ಹೊರಟೂ ಬಂದ್ರು. ಅಷ್ಟ್ರಲ್ಲಿ ಹಸ ಹೋಗಿತ್ತು.” ಮೇಜಿನ ಮೇಲಿನ ಕಾರ್ಡುಗಳನ್ನು ಸರಿಮಾಡಿ ಇಡುತ್ತಾ ಹೇಳಿದರು, “ಅವ್ಳು ನನ್ನ ಏನೂ ಅನ್ಲಿಲ್ಲ ಕಣಮ್ಮ. ಅಂದಿದ್ರೆ ವಾಸಿಯಾಗಿತ್ತು.”

ಆಮೇಲೆ ತಮ್ಮ ಸೆಟ್ಟನ್ನು ಮೇಜಿನ ಮೇಲಿಟ್ಟರು. ನಾನು ಆಫೀಸ್ ಫೋನಿನಿಂದ ಅದಕ್ಕೆ ಕರೆ ಮಾಡಿದೆ. ಜೋರಾಗಿ ರಿಂಗಾಯಿತು. ಸದ್ದು ಕೇಳಿ ಮ್ಯಾನೇಜರ್ ಕ್ಯಾಬಿನ್ನಿನಿಂದ ಹೊರಬಂದರು. ವಿಷಯ ತಿಳಿದು ನಕ್ಷೆಯ ಮೇಲೆ ಬೆರಳಿಟ್ಟು, “ನೋಡಿಯಮ್ಮ, ನಿಮ್ಮೂರು ಇಲ್ಲಿದೆ. ಹಸಿರು,” ಅಂದರು.

ಆ ಹೆಂಗಸು ಹತ್ತಿರ ಹೋಗಿ ನೋಡಿದರು. “ಈ ಬಣ್ಣ ಬಳ್ದೋರು ನಮ್ಮೂರಿಗೆ ಬಂದಿದ್ರಾ?”

“ಯಾರೂ ಬರಬೇಕಾಗಿಲ್ಲ. ಅದು ಕಂಪ್ಯೂಟರ್ ಮಾಡೋದು.”

“ಹಂಗಾದ್ರೆ ಕಂಪ್ಯೂಟ್ರನ್ನೇ ಕರೀರಿ, ಮಾತಾಡ್ತೀನಿ.”

ಮ್ಯಾನೇಜರ್ ಒಳಗೆ ಹೋದರು. ಆಕೆ ಹೋಗಲಿಲ್ಲ. ನಾಲ್ಕನೆಯ ಕಾರ್ಡಿನಲ್ಲೂ ಅದೇ ಬರೆಯುವುದಾದರೆ ತಾನು ಇಲ್ಲೇ ಇರುತ್ತೇನೆಂದರು. ನಾನು ರಿಜಿಸ್ಟರ್ ತೆಗೆದು ಅವರ ಹೆಸರಿನ ಎದುರು ಬರೆದೆ: ‘ಹ್ಯಾಂಡ್‌ಸೆಟ್ ಪರೀಕ್ಷಿಸಲಾಗಿದೆ. ದೋಷವಿಲ್ಲ.’ ಓದಿ ಹೇಳಿದೆ. ಅವರು ಮೂರು ಕಾರ್ಡನ್ನೂ ಮತ್ತೆ ಬ್ಯಾಗಿಗೆ ಹಾಕಿಕೊಂಡು ಕುಣಿಗಲ್ ಬಸ್ಸಿಗೆ ಹೊರಟರು.

ಸಂಜೆ ಮ್ಯಾನೇಜರ್ ಆ ಸಾಲು ನೋಡಿದರು. “ಇದನ್ನ ಹೊಡೆದು ಹಾಕಿ.”

“ನಾನೇ ಪರೀಕ್ಷೆ ಮಾಡ್ದೆ ಸರ್. ರಿಂಗ್ ಆಯ್ತಲ್ಲ, ನೀವೂ ಕೇಳುದ್ರಿ.”

ಅವರು ಕೆಂಪು ಪೆನ್ನು ತೆಗೆದು ತಾವೇ ಹೊಡೆದು ಹಾಕಿದರು. ನಾನು ಹೊಡೆದು ಹಾಕಲಿಲ್ಲವಲ್ಲ ಅನ್ನುವ ಸಣ್ಣ ಸಮಾಧಾನ ಇಟ್ಟುಕೊಂಡು ರೈಲು ಹತ್ತಿದೆ. ಗುಬ್ಬಿ ಬರುವಷ್ಟರಲ್ಲಿ ಆ ಸಮಾಧಾನವೂ ಉಳಿದಿರಲಿಲ್ಲ. ಮೂರು ಸಲ ಬರೆದ ಕೈ ನನ್ನದೇ.

ಅದಾಗಿ ಕೆಲವು ವಾರಕ್ಕೆ ಬೆಂಗಳೂರಿನಿಂದ ಟೆಸ್ಟ್ ಕಾರು ಬಂತು. ಸಿಗ್ನಲ್ ಎಲ್ಲೆಲ್ಲಿ ಎಷ್ಟಿದೆ ಎಂದು ಅಳೆಯುತ್ತಾ ಓಡಾಡುವ ಕಾರು. ಹಿಂದಿನ ಸೀಟಿನಲ್ಲಿ ಇಂಜಿನಿಯರು, ಅವನ ತೊಡೆಯ ಮೇಲೆ ಲ್ಯಾಪ್‌ಟಾಪು, ಅದಕ್ಕೆ ತಂತಿ ಚುಚ್ಚಿದ ಎರಡು ಫೋನು. ಕುಣಿಗಲ್ ಕಡೆಗೆ ಹೋಗುತ್ತಾರೆಂದು ಗೊತ್ತಾದಾಗ, ಆ ಕಡೆಯ ದೂರುಗಳ ಪಟ್ಟಿ ನನ್ನ ಹತ್ತಿರ ಇದೆ, ನಾನೂ ಬರುತ್ತೇನೆ ಅಂದೆ. ಮ್ಯಾನೇಜರ್ ಊರಲ್ಲಿರಲಿಲ್ಲ. ಇಂಜಿನಿಯರು ನನ್ನದೇ ವಯಸ್ಸಿನವನು, ಬೇಡ ಅನ್ನಲಿಲ್ಲ.

ಹೆಬ್ಬೂರು ದಾಟಿ, ಕುಣಿಗಲ್ ದಾಟಿ, ಅಮೃತೂರಿನವರೆಗೂ ಲ್ಯಾಪ್‌ಟಾಪಿನಲ್ಲಿ ಹಸಿರು ಚುಕ್ಕೆಗಳು ಸಾಲಾಗಿ ಬೀಳುತ್ತಾ ಬಂದವು. ಟಾರು ರಸ್ತೆ ಹೇಗೆ ಹೋಗಿದೆಯೋ ಹಾಗೆ ಚುಕ್ಕೆಗಳೂ ಹೋಗಿದ್ದವು. ಆಕೆಯ ಊರಿನ ಮಣ್ಣುರಸ್ತೆ ತಿರುಗುವ ಕಡೆ ಡ್ರೈವರ್ ಕಾರು ನಿಲ್ಲಿಸಿದ.

“ಒಳಗೆ ಹೋಗಲ್ವಾ?” ಅಂದೆ.

“ರೂಟ್ ಶೀಟಲ್ಲಿ ಇಲ್ಲ ಮೇಡಂ,” ಅಂದ ಇಂಜಿನಿಯರು. “ಟಾರ್ ರೋಡ್ ಮಾತ್ರ.”

“ಜನ ಇರೋದು ಟಾರ್ ರೋಡ್ ಮೇಲಲ್ಲ ಅಲ್ವಾ?”

ಅವನು ಒಳ್ಳೆಯವನು, ಮುಖ ಸಪ್ಪಗಾಯಿತು. ಮುಂದೆ ಕಾಣುತ್ತಿದ್ದ ತೆಂಗಿನ ತೋಟದ ದಿಣ್ಣೆ ತೋರಿಸಿ, “ಆ ದಿಣ್ಣೆ ಅಡ್ಡ ಇದೆ ನೋಡಿ. ಅದರ ಹಿಂದೆ ಊರಿದ್ರೆ ಸಿಗ್ನಲ್ ಬರೋದು ಕಷ್ಟ. ಕಂಪ್ಯೂಟರಿಗೆ ದಿಣ್ಣೆ ಗೊತ್ತಿರಲ್ಲ,” ಅಂದ.

“ಅಷ್ಟನ್ನೇ ರಿಪೋರ್ಟಲ್ಲಿ ಬರೀರಿ.”

“ನಾನು ಅಳೆದದ್ದು ಮಾತ್ರ ಬರೀಬಹುದು. ಅಳೆಯೋಕೆ ಒಳಗೆ ಹೋಗೋ ಹಾಗಿಲ್ಲ.”

ನಾನು ಚಪ್ಪಲಿ ಸರಿಮಾಡಿಕೊಂಡು ಕಾರಿನಿಂದ ಇಳಿದೆ. ನೀವು ಹೋಗಿ, ನಾನು ಬಸ್ಸಿನಲ್ಲಿ ಬರುತ್ತೇನೆ ಅಂದೆ. ಅವನು ತನ್ನ ನೀರಿನ ಬಾಟಲಿಯನ್ನು ಕಿಟಕಿಯಿಂದ ಕೊಟ್ಟ.

ಊರು ಮುಟ್ಟುವಷ್ಟರಲ್ಲಿ ನನ್ನ ಫೋನಿನ ಕಡ್ಡಿಗಳೆಲ್ಲ ಒಂದೊಂದಾಗಿ ಮಾಯವಾಗಿದ್ದವು. ಡೈರಿಯ ಜಗುಲಿಯ ಮೇಲೆ ಆಕೆ ಕ್ಯಾನು ತೊಳೆದು ಬೋರಲು ಹಾಕುತ್ತಿದ್ದರು. ನನ್ನನ್ನು ನೋಡಿ ಆಶ್ಚರ್ಯ ತೋರಿಸಲಿಲ್ಲ.

“ಬಂದ್ಯಾ,” ಅಂದರು. “ಊಟ ಮಾಡು. ಆಮೇಲೆ ನೋಡಾಣ.”

ಮುದ್ದೆ, ಅವರೆಕಾಳಿನ ಸಾರು. ಉಂಡ ಮೇಲೆ ಇಬ್ಬರೂ ಹೊರಟೆವು. ಅವರು ಡೈರಿಯ ಒಂದು ಹಳೆಯ ನೋಟ್‌ಬುಕ್ ಕೊಟ್ಟರು. ಬಾಗಿಲು ಬಾಗಿಲಿಗೂ ನಿಂತು, ಫೋನು ಎತ್ತಿ ಹಿಡಿದು, ಬರೆದುಕೊಂಡೆ. ಶಾಲೆಯ ಮೆಟ್ಟಿಲು, ಇಲ್ಲ. ಅಂಗನವಾಡಿ, ಇಲ್ಲ. ಬಾವಿ ಕಟ್ಟೆ, ಇಲ್ಲ. ಊರ ಮುಂದಿನ ಆಲದ ಮರದ ಬೇರಿನ ಮೇಲೆ ನಿಂತರೆ ಒಂದು ಕಡ್ಡಿ ಬಂದು ಹೋಗುತ್ತದೆ. ಕೆರೆ ಏರಿಯ ತೂಬಿನ ಹತ್ತಿರ ಒಂದು, ಅಲ್ಲಿಂದ ಹತ್ತು ಹೆಜ್ಜೆ ಆಚೆಗೆ ಎರಡು. ಊರಲ್ಲಿ ಫೋನ್ ಇದ್ದವರು ಏಳು ಜನ, ಏಳು ನಂಬರನ್ನೂ ಬರೆದುಕೊಂಡೆ. ಒಬ್ಬ ಮುದುಕಿ, “ಏನ್ ಬರೀತಿದೀಯವ್ವ, ರೇಷನ್ ಕಾರ್ಡಾ?” ಅಂತ ಕೇಳಿತು. ನನ್ನ ಜೊತೆಯಲ್ಲಿದ್ದವರು, “ಇಲ್ದಿರೋದನ್ನ ಬರ್ಕೊಳ್ತಾವ್ಳೆ ಕಣಜ್ಜಿ,” ಅಂದರು.

ಇನ್ನೆರಡು ಭಾನುವಾರ ಹೋದೆ, ಬೆಳಿಗ್ಗೆ ಒಂದು ಸಲ, ಸಂಜೆ ಹಾಲು ಹಾಕುವ ಹೊತ್ತಿಗೆ ಒಂದು ಸಲ. ಒಂದೇ ದಿನದ ಮಾತನ್ನು ಆಫೀಸಿನವರು ಮೋಡ, ಗಾಳಿ ಅಂತ ತಳ್ಳಿಹಾಕುತ್ತಾರೆಂದು ನನಗೆ ಗೊತ್ತಿತ್ತು. ಮೂರು ದಿನದ್ದನ್ನೂ ಸೇರಿಸಿ ಊರಿನ ಒಂದು ಚಿತ್ರ ಬರೆದು ಮ್ಯಾನೇಜರಿಗೆ ಕೊಟ್ಟೆ. ಅವರು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. ಕೊಡುವ ಮೊದಲೇ ನಾನು ಶಿರಾ ಗೇಟಿನಲ್ಲಿ ಜೆರಾಕ್ಸ್ ಮಾಡಿಸಿಕೊಂಡಿದ್ದೆ.

ಬೆಂಗಳೂರಿನ ದೊಡ್ಡ ಅಧಿಕಾರಿ ಆಫೀಸಿಗೆ ಬಂದದ್ದು ಬೇಸಿಗೆಯಲ್ಲಿ. ಸಂಜೆ ಐದೂವರೆಯ ಹೊತ್ತು. ನಾವೆಲ್ಲ ಗೋಡೆಯ ಪಕ್ಕ ನಿಂತಿದ್ದೆವು. ಮ್ಯಾನೇಜರ್ ನಕ್ಷೆಯ ಮುಂದೆ ನಿಂತು, ಕುಣಿಗಲ್ ತಾಲ್ಲೂಕಿನ ಮೇಲೆ ಅಂಗೈ ಆಡಿಸಿ, ಈ ಭಾಗ ಪೂರ್ತಿ ಮುಗಿದಿದೆ, ಬಾಕಿ ದೂರು ಒಂದೂ ಇಲ್ಲ ಅಂದರು. ಅದು ನಿಜವೇ. ಎಲ್ಲವನ್ನೂ ನಾನೇ ಮುಗಿಸಿದ್ದೆ.

ನಾನು ಮುಂದೆ ಬಂದು, “ಸರ್, ಒಂದು ಫೋನ್ ಮಾಡ್ಬಹುದಾ?” ಅಂದೆ. ಅಧಿಕಾರಿ ತಲೆಯಾಡಿಸಿದರು. ಮೇಜಿನ ಫೋನಿನ ಸ್ಪೀಕರ್ ಒತ್ತಿ ಡೈರಿಯ ನಂಬರಿಗೆ ಕರೆ ಮಾಡಿದೆ. ಹಾಲು ಹಾಕುವ ಹೊತ್ತು, ಆಕೆ ಡೈರಿ ಬಿಟ್ಟು ಕದಲುವುದಿಲ್ಲ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಮ್ಮ ಕಂಪನಿಯದೇ ಧ್ವನಿ, ಇಂಪಾದ ಹೆಂಗಸಿನ ಧ್ವನಿ, ಹೇಳಿತು: ನೀವು ಕರೆ ಮಾಡಿರುವ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ.

“ಈ ಚಂದಾದಾರರು ಈಗ ಇಲ್ಲಿದಾರೆ ಸರ್,” ಅಂತ ನಕ್ಷೆಯ ಹಸಿರಿನ ಮೇಲೆ ಬೆರಳಿಟ್ಟೆ.

“ಸ್ವಿಚ್ ಆಫ್ ಮಾಡಿರ್ತಾರೆ,” ಅಂದರು ಮ್ಯಾನೇಜರ್.

“ಸ್ವಿಚ್ ಆಫ್ ಆಗಿದ್ರೆ ಹಾಗೇ ಹೇಳ್ತಾಳೆ ಸರ್. ಅದಕ್ಕೆ ಬೇರೆ ಮಾತಿದೆ.”

ಎರಡನೆಯ ನಂಬರಿಗೆ ಮಾಡಿದೆ. ಅದೇ ಧ್ವನಿ, ಅದೇ ಮಾತು. ಮೂರನೆಯದು ರಿಂಗಾಯಿತು. ಮ್ಯಾನೇಜರ್ ಮುಖದಲ್ಲಿ ನಗು ಬಂತು. ಆ ಕಡೆಯಿಂದ ಗಂಡಸೊಬ್ಬರು, “ಹಲೋ, ಯಾರು?” ಅಂದರು. ಹಿಂದೆ ಜನರ ಗದ್ದಲ.

“ನಾನು ಮೊಬೈಲ್ ಆಫೀಸಿನಿಂದ. ನಿಮ್ಮೂರಿಗೆ ಬಂದಿದ್ನಲ್ಲ. ಈಗ ಎಲ್ಲಿದೀರ?”

“ಕುಣಿಗಲ್ ಬಸ್‌ಸ್ಟ್ಯಾಂಡಲ್ಲಿ ಇದೀನಿ ಕಣಮ್ಮ. ಊರಲ್ಲಿದ್ದಿದ್ರೆ ನಿಂಗೆಲ್ಲಿ ಸಿಕ್ತಿದ್ದೆ?”

ಉಳಿದ ನಾಲ್ಕು ನಂಬರಿಗೂ ಮಾಡಿದೆ. ನಾಲ್ಕೂ ಹೊರಗೆ. ಕೊನೆಗೆ ನಾನು, “ಹೊರಗಿದ್ದಾರೆ ಅಂತ ಹೇಳ್ತಿರೋಳು ನಮ್ಮೋಳೇ ಸರ್. ಒಳಗಿದ್ದಾರೆ ಅಂತ ಕಾರ್ಡ್ ಬರ್ದೋಳು ನಾನು. ನಾನು ಬರ್ದಿದ್ದು ಸುಳ್ಳು,” ಅಂದೆ. ಜೆರಾಕ್ಸ್ ಪ್ರತಿ ಕೊಟ್ಟೆ.

ಅಧಿಕಾರಿ ಅದನ್ನು ಮೊದಲಿನಿಂದ ಕೊನೆಯವರೆಗೂ ಓದಿದರು. “ತೂಬಿನಿಂದ ಹತ್ತು ಹೆಜ್ಜೆ ಅಂತ ಬರ್ದಿದೀರ. ನಡ್ದು ನೋಡಿದ್ರಾ?” ಅಂತ ಕೇಳಿದರು. ಹೌದು ಅಂದೆ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಟರು. ಶಭಾಸ್ ಅನ್ನಲೂ ಇಲ್ಲ, ಬೈಯಲೂ ಇಲ್ಲ.

ಮಾರನೆಯ ದಿನ ಮ್ಯಾನೇಜರ್ ನನ್ನ ಮುಂದೆ ಟೈಪ್ ಮಾಡಿದ ಒಂದು ಹಾಳೆ ಇಟ್ಟರು. ಮೇಲಧಿಕಾರಿಗಳ ಎದುರು ಅನುಚಿತವಾಗಿ ವರ್ತಿಸಿದ್ದಕ್ಕೆ ವಿಷಾದಿಸುತ್ತೇನೆ, ಇನ್ನು ಮುಂದೆ ಹೀಗೆ ನಡೆಯುವುದಿಲ್ಲ ಅಂತ ಅದರಲ್ಲಿತ್ತು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

“ಒಂದು ಸಹಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು,” ಅಂದರು. ಅವರ ದನಿಯಲ್ಲಿ ಕೋಪವಿರಲಿಲ್ಲ, ಭಯವಿತ್ತು. ಅದು ಆಗಲೇ ನನಗೆ ತಿಳಿದಿದ್ದರೆ ಸ್ವಲ್ಪ ಮೆತ್ತಗೆ ಮಾತಾಡುತ್ತಿದ್ದೆನೋ ಏನೋ. ತಿಳಿದಿದ್ದರೂ ಸಹಿ ಮಾತ್ರ ಹಾಕುತ್ತಿರಲಿಲ್ಲ.

“ವಿಷಾದ ಇದೆ ಸರ್. ಆದ್ರೆ ನಿನ್ನೆದಕ್ಕಲ್ಲ. ಆ ಕಾರ್ಡುಗಳಿಗೆ. ಹಾಗಂತ ಬರ್ಕೊಡಿ ಅಂದ್ರೆ ಈಗಲೇ ಬರ್ಕೊಡ್ತೀನಿ.”

ಅವರು ಹಾಳೆಯನ್ನು ವಾಪಸ್ ತೆಗೆದುಕೊಂಡರು. ನನ್ನದು ಕಾಂಟ್ರಾಕ್ಟ್ ಕೆಲಸ. ತಿಂಗಳ ಕೊನೆಗೆ ಅದನ್ನು ಮುಂದುವರಿಸಲಿಲ್ಲ. ಮನೆಯಲ್ಲಿ ಅಮ್ಮ, “ಒಂದು ಸಹಿ ಹಾಕಿದ್ರೆ ಕೈ ಸವೀತಿತ್ತಾ?” ಅಂದಳು. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ. ತಟ್ಟೆಗೆ ಅನ್ನ ಬಡಿಸಿ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು. ನಾನೂ ಜಗ್ಗಲಿಲ್ಲ, ತಪ್ಪಾಯಿತು ಅನ್ನಲಿಲ್ಲ. ಐದನೆಯ ದಿನ ಅವಳೇ, ಹಸು ಸತ್ತವಳಿಗೆ ಬೇರೆ ಹಸು ಇದೆಯಾ ಅಂತ ಕೇಳಿದಳು. ಗೊತ್ತಿಲ್ಲ ಅಂದೆ. “ಕೇಳ್ಬೇಕಾಗಿತ್ತು ನೀನು,” ಅಂದಳು.

ಗುಬ್ಬಿ ಬಸ್‌ಸ್ಟ್ಯಾಂಡಿನ ಎದುರು ಒಂದು ಟೈಪಿಂಗ್, ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೆ. ಸಂಬಳ ಕಡಿಮೆ. ಆದರೆ ನನಗೆ ಬೇಡವಾದ ಸಾಲನ್ನು ಬರೆಯೆಂದು ಅಲ್ಲಿ ಯಾರೂ ಹೇಳುತ್ತಿರಲಿಲ್ಲ. ತಾಲ್ಲೂಕು ಕಚೇರಿಗೆ ಅರ್ಜಿ ಬರೆಸಲು ಬರುವವರಿಗೆ, ನಡೆದದ್ದು ನಡೆದ ಹಾಗೆ ಹೇಳಿ ಅನ್ನುತ್ತಿದ್ದೆ.

ವರ್ಷ ಕಳೆದ ಮೇಲೆ ಅಮೃತೂರಿನಾಚೆಯ ಆ ದಿಣ್ಣೆಯ ಮೇಲೆ ಟವರ್ ಬಂತು. ನನ್ನ ಕಾಗದದಿಂದಲೇ ಬಂತೆಂದು ನಾನು ಹೇಳಿಕೊಳ್ಳುವುದಿಲ್ಲ. ಅಷ್ಟರಲ್ಲಿ ಬೇರೆ ಕಂಪನಿಯವರೂ ಆ ಕಡೆ ಬರುತ್ತಿದ್ದರು, ಪೈಪೋಟಿ ಇತ್ತು. ಆದರೆ ಟವರ್ ನಿಂತದ್ದು ಟಾರು ರಸ್ತೆಯ ಪಕ್ಕದಲ್ಲಲ್ಲ, ನಾವು ಬರೆದ ಚಿತ್ರದಲ್ಲಿ ದಿಣ್ಣೆ ಇದ್ದ ಕಡೆ. ಅದನ್ನು ಚಾಲೂ ಮಾಡುವ ದಿನ ಆಕೆ ಹೇಳಿ ಕಳಿಸಿದ್ದರು, ಹೋಗಿದ್ದೆ. ಮ್ಯಾನೇಜರ್ ಹೂವಿನ ಹಾರ ತಂದಿದ್ದರು, ಫೋಟೋದವನನ್ನೂ ಕರೆದುಕೊಂಡು ಬಂದಿದ್ದರು. ಟವರ್ ಕೆಳಗೆ ಫೋನು ಕಿವಿಗಿಟ್ಟುಕೊಂಡು ನಗುತ್ತಾ ನಿಂತ್ಕೊಳ್ಳಿ ಅಂತ ಆಕೆಗೆ ಹೇಳಿದರು.

“ಫೋಟೋ ಬೇಡ ಬುಡಿ ಸ್ವಾಮಿ,” ಅಂದರು ಆಕೆ. “ಕರೆಂಟ್ ಹೋದಾಗ ಇದು ನಡಿಯುತ್ತಾ?”

“ಡೀಸೆಲ್ ಜನರೇಟರ್ ಇದೆಯಲ್ಲ.”

“ಡೀಸೆಲ್ ಹಾಕೋರು ಯಾರು? ದಿನಾ ಬರ್ತಾರಾ?”

ಆಕೆ ಅನುಮಾನಪಟ್ಟ ಹಾಗೇ ಆಯಿತು. ಆ ಕಾಲದಲ್ಲಿ ಹಳ್ಳಿಗೆ ಕರೆಂಟ್ ಇರುತ್ತಿದ್ದದ್ದೇ ಸ್ವಲ್ಪ ಹೊತ್ತು. ಕರೆಂಟ್ ಹೋಗಿ ಬ್ಯಾಟರಿ ಇಳಿದರೆ ಟವರೂ ಮಲಗುತ್ತಿತ್ತು. ಡೀಸೆಲ್ ಹಾಕುವವನು ಮನಸ್ಸು ಬಂದಾಗ ಬರುತ್ತಿದ್ದ. ಆಕೆ ಡೈರಿಯ ಗೋಡೆಗೆ ಒಂದು ಸ್ಲೇಟು ನೇತುಹಾಕಿದರು. ಹಾಲು ಹಾಕಲು ಬಂದ ಹೆಂಗಸರು ಟವರ್ ಎಷ್ಟು ಹೊತ್ತಿಗೆ ಹೋಯಿತು, ಎಷ್ಟು ಹೊತ್ತಿಗೆ ಬಂತು ಅಂತ ಅದರಲ್ಲಿ ಬರೆಯುತ್ತಿದ್ದರು. ವಾರಕ್ಕೊಮ್ಮೆ ಆಕೆ ಟವರ್ ಇರುವ ಹೊತ್ತು ನೋಡಿ ನನ್ನ ಅಂಗಡಿಗೆ ಫೋನ್ ಮಾಡಿ ಅದನ್ನು ಓದುತ್ತಿದ್ದರು. ನಾನು ಟೈಪ್ ಮಾಡಿ, ಬೆಂಗಳೂರಿನ ಆ ಅಧಿಕಾರಿಗೆ ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತಿದ್ದೆ. ಅವರಿಂದ ಒಂದು ಸಲವೂ ಉತ್ತರ ಬರಲಿಲ್ಲ. ನಾವೂ ನಿಲ್ಲಿಸಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಹೊಸ ಬ್ಯಾಟರಿಗಳು ಬಂದವು, ಡೀಸೆಲ್ಲಿಗೆ ಬೇರೆಯವನು ಬಂದ. ಸ್ಲೇಟಿನ ಮೇಲೆ ಬರೆಯುವುದು ಕಡಿಮೆಯಾಯಿತು. ಒಂದು ದಿನ ಹಸು ಕಳೆದುಕೊಂಡಿದ್ದ ಆ ಪಕ್ಕದ ಮನೆಯವಳು ಡೈರಿಯ ಫೋನಿನಿಂದ ದನದ ಡಾಕ್ಟರಿಗೆ ಕರೆ ಮಾಡಿ, ಅವರು ಒಂದೇ ಸಲಕ್ಕೆ ಸಿಕ್ಕಿಬಿಟ್ಟಾಗ ಹೆದರಿ ಏನು ಹೇಳಬೇಕೋ ತೋಚದೆ ಫೋನನ್ನು ಆಕೆಯ ಕೈಗೆ ಕೊಟ್ಟಳಂತೆ. ಅವಳಿಗೆ ಬೇರೆ ಹಸು ಬಂದಿದೆ ಅನ್ನುವುದು ನನಗೆ ಗೊತ್ತಾದದ್ದು ಆಗಲೇ. ಅಮ್ಮನಿಗೆ ಹೇಳಿದೆ.

ಅದಾದ ಮೇಲೆ ಸುಗ್ಗಿಯ ಹೊತ್ತಿಗೆ ನಾನು ಅಲ್ಲಿಗೆ ಹೋದಾಗ, ಆಕೆ ಕೆರೆಯ ಆಚೆ ದಡದಲ್ಲಿದ್ದ ಪಾಳ್ಯವೊಂದನ್ನು ತೋರಿಸಿದರು. ಇಪ್ಪತ್ತೋ ಇಪ್ಪತ್ತೈದೋ ಮನೆ. ಟವರ್ ಬಂದರೂ ಅಲ್ಲಿಗೆ ಸಿಗ್ನಲ್ ಮುಟ್ಟಿರಲಿಲ್ಲ. ಅಲ್ಲಿನವರು ಆಫೀಸಿಗೆ ದೂರು ಕೊಟ್ಟಾಗ, ಊರು ವ್ಯಾಪ್ತಿಯೊಳಗಿದೆ ಅಂತ ಉತ್ತರ ಬಂದಿತ್ತಂತೆ. ಕಾರ್ಡು ಬರೆದವರು ಯಾರೋ, ನನ್ನ ಜಾಗಕ್ಕೆ ಬಂದವರು.

“ಇವತ್ತು ಹೊತ್ತಾಯ್ತು, ನಾಳೆ ಬೆಳಿಗ್ಗೆ ಹೋಗಾಣ,” ಅಂದರು ಆಕೆ. ರಾತ್ರಿ ಅಲ್ಲೇ ಉಳಿದೆ. ಬೆಳಿಗ್ಗೆ ಹಾಲಿನ ವ್ಯಾನು ಹೋದ ಮೇಲೆ ಏರಿ ಇಳಿದು, ರಾಗಿ ಕೊಯ್ದ ಹೊಲಗಳ ನಡುವೆ ಪಾಳ್ಯಕ್ಕೆ ನಡೆದೆವು. ಮೊದಲ ಮನೆಯ ಮುಂದೆ ಹೆಂಗಸೊಬ್ಬಳು ಹುಲ್ಲು ಹರವುತ್ತಿದ್ದಳು. ನಾನು ಫೋನು ಎತ್ತಿ ಹಿಡಿದದ್ದನ್ನು ನೋಡಿ, “ಕಂಪನಿಯೋರಾ?” ಅಂದಳು.

“ಅಲ್ಲ, ಗುಬ್ಬಿಯೋಳು,” ಅಂದೆ. “ನಿಮ್ಮ ಜಗಲಿ ಮೇಲೆ ಸ್ವಲ್ಪ ನಿಂತ್ಕೋಬಹುದಾ?”

ಅವಳು ಹುಲ್ಲಿನ ಕಂತೆಯನ್ನು ಪಕ್ಕಕ್ಕೆ ಸರಿಸಿ ಜಾಗ ಬಿಟ್ಟಳು.